ಎರಡು ದಿನ ನಿಂತ ಹೊಸೂರು ರಸ್ತೆ

ರಾಮನಗರ, ಮದ್ದೂರು ಕಡೆಯ ನಮ್ಮ ಊರುಗಳಲ್ಲಿ 'ಗಾರ್ಮೆಂಟ್ಸಿಗೆ ಹೋಗ್ತಾಳೆ' ಅಂದರೆ ಮುಂದೆ ವಿವರಣೆ ಬೇಕಿಲ್ಲ. ಕತ್ತಲಿರುವಾಗಲೇ ಎದ್ದು ಅಡುಗೆ ಮುಗಿಸಿ, ಡಬ್ಬಿ ಹಿಡಿದು ರಸ್ತೆ ಬದಿ ನಿಲ್ಲುವ ಹೆಂಗಸರನ್ನು ನೋಡುತ್ತಲೇ ನಾವು ಬೆಳೆದದ್ದು. ನಮ್ಮಲ್ಲಿ ಕೆಲವರ ಡಿಪ್ಲೊಮಾ ಫೀಸು ಕಟ್ಟಿದ್ದೂ ಇಂಥವರ ಸಂಬಳವೇ. 2016ರ ಏಪ್ರಿಲ್ 18 ಮತ್ತು 19ರಂದು ಇದೇ ಹೆಂಗಸರು ಬೆಂಗಳೂರಿನ ಹೆದ್ದಾರಿಗಳನ್ನು ನಿಲ್ಲಿಸಿದಾಗ ಜಿಲ್ಲೆಯಿಂದ ಸುದ್ದಿ ಕಳಿಸುವ ನಮಗೆ ಡೆಸ್ಕಿನಿಂದ ಬಂದ ಪ್ರಶ್ನೆ ಒಂದೇ: ನಿಮ್ಮ ಕಡೆಯೂ ಬಸ್ಸಿಗೆ ಕಲ್ಲು ಬಿತ್ತಾ? ನಾವೂ ಕಲ್ಲು ಎಣಿಸಿ ಕಳಿಸಿದೆವು.

ಎಣಿಸಬೇಕಾದ ಲೆಕ್ಕ ಬೇರೆ ಇತ್ತು. ಪಿಎಫ್‌ಗೆಂದು ಕಾರ್ಮಿಕರ ವೇತನದಲ್ಲಿ ನೂರಕ್ಕೆ 12 ಹಿಡಿಯುತ್ತಾರೆ. ಮಾಲೀಕರೂ 12 ಹಾಕಬೇಕು. ಅದರಲ್ಲಿ 8.33 ಪಿಂಚಣಿಗೆ ಹೋಗಿ, ಪಿಎಫ್ ಖಾತೆಗೆ ಬೀಳುವುದು 3.67 ಮಾತ್ರ. ಕೇಂದ್ರ ಕಾರ್ಮಿಕ ಸಚಿವಾಲಯ 2016ರ ಫೆಬ್ರುವರಿ 10ರಂದು ಹೊರಡಿಸಿದ ಅಧಿಸೂಚನೆಯ ಪ್ರಕಾರ, ಕೆಲಸ ಬಿಟ್ಟವರು ತಮ್ಮ ಪಾಲನ್ನು ತೆಗೆದುಕೊಳ್ಳಬಹುದಿತ್ತು. ಮಾಲೀಕರ ಪಾಲಿಗೆ 58 ವರ್ಷ ತುಂಬುವವರೆಗೆ ಕಾಯಬೇಕಿತ್ತು. ಆಗ ತಿಂಗಳ ಸಂಬಳ ಏಳು ಸಾವಿರದ ಆಸುಪಾಸು. 3.67ರ ಲೆಕ್ಕದಲ್ಲಿ ತಿಂಗಳಿಗೆ 257 ರೂಪಾಯಿ, ಐದು ವರ್ಷಕ್ಕೆ ಬಡ್ಡಿ ಬಿಟ್ಟು 15 ಸಾವಿರ ಚಿಲ್ಲರೆ. ಬೀದಿಗಿಳಿದವರಲ್ಲಿ ಪೂರ್ತಿ ಪಿಎಫ್ ಹೋಯಿತು ಎಂದೇ ತಿಳಿದವರೂ ಬಹಳ ಮಂದಿ ಇದ್ದರು.

ಇಷ್ಟು ದುಡ್ಡಿಗಾಗಿ ಇಷ್ಟೊಂದು ಸಿಟ್ಟೇ ಎಂದು ಆಗ ಕೇಳಿದವರಿದ್ದರು. 58 ವರ್ಷ ಅನ್ನುವುದೇ ಗಾರ್ಮೆಂಟ್ಸ್ ಗೊತ್ತಿಲ್ಲದವರ ಮಾತು. ಗಂಟೆಗಿಷ್ಟು ಪೀಸು ಎಂದು ಟಾರ್ಗೆಟ್ ಇಟ್ಟುಕೊಂಡು, ನೀರು ಕುಡಿದರೆ ಬಾತ್‌ರೂಮಿಗೆ ಎದ್ದು ಹೋಗಬೇಕಲ್ಲ ಎಂದು ನೀರನ್ನೇ ಕಡಿಮೆ ಕುಡಿಯುವವರು ಅಷ್ಟು ವಯಸ್ಸಿನವರೆಗೆ ಮಿಷನ್ ಮೇಲೆ ಕೂತಿರುವುದಿಲ್ಲ. ಗ್ರಾಚ್ಯುಟಿ ಸಿಗಲು ಐದು ವರ್ಷ ಸತತ ಕೆಲಸ ಮಾಡಿರಬೇಕು. ಅದರೊಳಗೇ ರಾಜೀನಾಮೆ ಬರೆಸಿಕೊಂಡು ಮತ್ತೆ ಹೊಸಬರಂತೆ ಸೇರಿಸಿಕೊಳ್ಳುವ ಚಾಳಿ ಈ ಉದ್ಯಮದಲ್ಲಿ ಹಳೆಯದು. ಹಾಗಾಗಿ ಮಗಳ ಮದುವೆ, ಮನೆಯ ಶೀಟು, ಸಂಘದ ಸಾಲ, ಗಂಡನ ಆಪರೇಷನ್ ಯಾವುದಕ್ಕೂ ಒಟ್ಟಿಗೆ ಕೈಗೆ ಬರುವ ಗಂಟು ಅಂದರೆ ಪಿಎಫ್ ಒಂದೇ. ಅದನ್ನು ಬಿಡಿಸಿಕೊಳ್ಳಲೆಂದೇ ಕೆಲಸ ಬಿಡುವವರನ್ನು ನಾವು ಕಂಡಿದ್ದೇವೆ.

ಸೋಮವಾರ ಬೊಮ್ಮನಹಳ್ಳಿಯಲ್ಲಿ ಹೊಸೂರು ರಸ್ತೆಗೆ ಇಳಿದರು. ಮರುದಿನ ತುಮಕೂರು ರಸ್ತೆ, ಮೈಸೂರು ರಸ್ತೆಗೂ ಹಬ್ಬಿ, ಸಂಖ್ಯೆ ಲಕ್ಷ ದಾಟಿತು. ಕರೆ ಕೊಟ್ಟ ಯೂನಿಯನ್ ಇಲ್ಲ, ಭಾಷಣ ಮಾಡಿದ ನಾಯಕರಿಲ್ಲ. ಇದ್ದ ಸಣ್ಣ ಯೂನಿಯನ್‌ಗಳೂ ಹಿಂದಿನಿಂದ ಓಡಿ ಬಂದವು. ಬಸ್ಸುಗಳಿಗೆ ಬೆಂಕಿ ಬಿತ್ತು, ಹೆಬ್ಬಗೋಡಿ ಪೊಲೀಸ್ ಠಾಣೆಯ ಮೇಲೆ ದಾಳಿಯಾಯಿತು, ಲಾಠಿ, ಅಶ್ರುವಾಯು ಎಲ್ಲ ಆಯಿತು. ಸೋಮವಾರ ಕೇಂದ್ರ ಸರ್ಕಾರ ಜುಲೈ 31ರವರೆಗೆ ಮುಂದೂಡುತ್ತೇವೆ ಅಂದಿತು. ಯಾರೂ ಕದಲಲಿಲ್ಲ. ಮಂಗಳವಾರ ಸಚಿವ ಬಂಡಾರು ದತ್ತಾತ್ರೇಯ ಅಧಿಸೂಚನೆಯನ್ನೇ ರದ್ದು ಮಾಡಿದರು.

ದೇಶದ ಕಾರ್ಮಿಕರಿಗೆಲ್ಲ ಅನ್ವಯಿಸುವ ಆದೇಶವೊಂದನ್ನು ಎರಡು ದಿನದಲ್ಲಿ ವಾಪಸ್ ತೆಗೆಸಿದ್ದು ಸಣ್ಣ ಮಾತಲ್ಲ. ಆದರೆ ಆ ಎರಡು ದಿನ ಎಲ್ಲೂ ಕಾಣಿಸಿಕೊಳ್ಳದವರು ಫ್ಯಾಕ್ಟರಿ ಮಾಲೀಕರು. ಪೊಲೀಸರು ಎದುರಿಗಿದ್ದರು, ಸಚಿವರು ಟಿವಿಯಲ್ಲಿದ್ದರು. ಬುಧವಾರ ಲೈನಿಗೆ ವಾಪಸ್ ಹೋದಾಗ ಅದೇ ಸಂಬಳ, ಅದೇ ಟಾರ್ಗೆಟ್.

ಮಾಲೀಕರ ಜೊತೆಗಿನ ಲೆಕ್ಕ ಹೇಗೆ ನಡೆಯುತ್ತದೆ ಎಂದು ನೋಡಲು 2020ಕ್ಕೆ ಬರಬೇಕು. ಬೆಲೆ ಏರಿಕೆಗೆ ತಕ್ಕಂತೆ ಪ್ರತಿ ಏಪ್ರಿಲ್‌ನಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಏರಬೇಕು. ಆ ವರ್ಷದ ಏರಿಕೆ ತಿಂಗಳಿಗೆ 417 ರೂಪಾಯಿ 60 ಪೈಸೆ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 16 ರೂಪಾಯಿ, ಒಂದು ಕಾಫಿಯ ಕಾಸು. ನಾಲ್ಕು ಲಕ್ಷ ಕೆಲಸಗಾರರಿಗೆ ಗುಣಿಸಿ ನೋಡಿ: ತಿಂಗಳಿಗೆ 16 ಕೋಟಿಗೂ ಮೇಲೆ. ಕೋವಿಡ್ ನೆಪದಲ್ಲಿ ರಾಜ್ಯ ಸರ್ಕಾರ ಜುಲೈನಲ್ಲಿ ಈ ಏರಿಕೆಯನ್ನು ಮುಂದೂಡಿತು. ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟು, ಬಾಕಿ ಸಮೇತ ಕೊಡಬೇಕು ಅಂದಿತು. ಆದರೂ ಬಹುತೇಕ ಫ್ಯಾಕ್ಟರಿಗಳು ಕೊಡಲಿಲ್ಲ.

ಈ ಸಲ ಹೊಸೂರು ರಸ್ತೆ ನಿಲ್ಲಲಿಲ್ಲ. ಪಿಎಫ್ ಆದೇಶ ಎಲ್ಲರ ತಲೆಯ ಮೇಲೆ ಒಂದೇ ದಿನ ಬಿದ್ದಿತ್ತು. ಈ 417 ರೂಪಾಯಿ ಸಂಬಳದ ಚೀಟಿಯಲ್ಲಿ ಸೇರಲೇ ಇಲ್ಲ, ಸೇರದೇ ಇದ್ದದ್ದು ಕಣ್ಣಿಗೆ ಬೀಳುವುದು ಕಷ್ಟ. ಮೇಲಾಗಿ ಲಾಕ್‌ಡೌನ್ ಕಳೆದು ಕೆಲಸ ಉಳಿದರೆ ಸಾಕು ಅನ್ನುವ ಕಾಲ. ಕೊನೆಗೆ 2022ರ ಆರಂಭದಲ್ಲಿ ಕೆಲವು ದೊಡ್ಡ ಕಂಪನಿಗಳು ಬಾಕಿ ಕೊಡಲು ಒಪ್ಪಿದ್ದು ಬಟ್ಟೆ ಕೊಳ್ಳುವ ವಿದೇಶಿ ಬ್ರಾಂಡುಗಳ ಮೇಲೆ ಒತ್ತಡ ಬಿದ್ದ ಮೇಲೆ. ಹೈಕೋರ್ಟಿನ ಮಾತಿಗಿಂತ ಆರ್ಡರ್ ಕೈತಪ್ಪುವ ಭಯಕ್ಕೇ ತೂಕ ಹೆಚ್ಚು ಬಂತು.

ನಮ್ಮ ಊರುಗಳಲ್ಲಿ ಲಾಕ್‌ಡೌನ್ ಹೊತ್ತಿಗೆ ಕೆಲಸ ಬಿಟ್ಟು ಬಂದು, ಈಗ ರೇಷ್ಮೆ ಹುಳಕ್ಕೆ ಸೊಪ್ಪು ಕೊಯ್ಯುತ್ತಿರುವ ಕೆಲವರನ್ನು ಆ ಬಾಕಿ ಬಂತೇ ಎಂದು ವಿಚಾರಿಸಿದೆವು. ಅಂಥದ್ದೊಂದು ಬಾಕಿ ಇತ್ತು ಅನ್ನುವುದು ಅವರಿಗೆ ಗೊತ್ತಾದದ್ದೇ ನಾವು ಕೇಳಿದ ಮೇಲೆ.