ಬಾಡಿಗೆ ಎತ್ತನ್ನು ಸಿಂಹ ಕೊಂದರೆ ನಷ್ಟ ಯಾರದು?

ಬಾಡಿಗೆಗೆ ತಂದ ಎತ್ತು ಬಯಲಿನಲ್ಲಿ ಸಿಂಹದ ಬಾಯಿಗೆ ಬಿದ್ದರೆ ನಷ್ಟ ತುಂಬಿಕೊಡಬೇಕಾದವರು ಯಾರು? ಕ್ರಿ.ಪೂ. 18ನೇ ಶತಮಾನದಲ್ಲಿ ಬ್ಯಾಬಿಲೋನಿನ ದೊರೆ ಹಮ್ಮುರಾಬಿ ಇದಕ್ಕೆ ಕಲ್ಲಿನ ಮೇಲೆ ಉತ್ತರ ಕೆತ್ತಿಸಿದ್ದಾನೆ. ನಷ್ಟ ಎತ್ತಿನ ಒಡೆಯನದು. ಏಳಡಿಗೂ ಮಿಕ್ಕ ಎತ್ತರದ ಆ ಕಪ್ಪು ಶಿಲೆ ಇರಾನಿನ ಸೂಸಾದಲ್ಲಿ 1901-02ರಲ್ಲಿ ದೊರೆಯಿತು. ಈಗ ಅದು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ.

ಬಾಡಿಗೆಗೆ ಪಡೆದವನು ಹೊಡೆದೋ ಅಲಕ್ಷ್ಯದಿಂದಲೋ ಎತ್ತನ್ನು ಸಾಯಿಸಿದರೆ ಮಾತ್ರ ಎತ್ತಿಗೆ ಎತ್ತು ಕೊಡಬೇಕಿತ್ತು. ಕಾಲು ಮುರಿದರೂ ಅಷ್ಟೇ. ನೊಗಕ್ಕೆ ಬಾರದ ಎತ್ತು ಇದ್ದೂ ಸತ್ತಂತೆ ತಾನೆ? ಕಣ್ಣು ಹೋದರೆ ಅರ್ಧ ಬೆಲೆ. ದೇವರ ಹೊಡೆತದಿಂದ ಸತ್ತಿದ್ದರೆ ಅವನು ದೇವರ ಮೇಲೆ ಆಣೆ ಮಾಡಿ ಬಿಡುಗಡೆ ಪಡೆಯಬಹುದಿತ್ತು. ಸ್ವಂತ ಎತ್ತಿಲ್ಲದೆ ಬಾಡಿಗೆಗೆ ತಂದವನಿಗೆ ಇದು ಸಣ್ಣ ರಿಯಾಯಿತಿಯಲ್ಲ. ಎಲ್ಲ ಸಾವಿಗೂ ಅವನೇ ಹೊಣೆ ಎಂದಿದ್ದರೆ ಒಂದು ಎತ್ತಿನ ಸಾಲದಲ್ಲೇ ಸಂಸಾರ ಮುಳುಗುತ್ತಿತ್ತು.

ನಮ್ಮ ಧರ್ಮಶಾಸ್ತ್ರಗಳಲ್ಲೂ ಇದೇ ಎಳೆ ಕಾಣುತ್ತದೆ. ಕೂಲಿಗೆ ಸರಕು ಹೊತ್ತವನು ಅದನ್ನು ಹಾಳುಮಾಡಿದರೆ ಬೆಲೆ ಕಟ್ಟಿಕೊಡಬೇಕು, ಆದರೆ ರಾಜನಿಂದಲೋ ದೈವದಿಂದಲೋ ಆದ ನಷ್ಟಕ್ಕೆ ಅವನು ಹೊಣೆಯಲ್ಲ ಎನ್ನುತ್ತದೆ ಯಾಜ್ಞವಲ್ಕ್ಯ ಸ್ಮೃತಿ. ಇದರ ಹೆಸರಾಂತ ವ್ಯಾಖ್ಯಾನ 'ಮಿತಾಕ್ಷರಾ'ವನ್ನು ಬರೆದ ವಿಜ್ಞಾನೇಶ್ವರ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಲ್ಯಾಣದವನು, ಎಂದರೆ ಇಂದಿನ ಬಸವಕಲ್ಯಾಣದವನು.

ಇಂದಿಗೂ ಜಾರಿಯಲ್ಲಿರುವ 1872ರ ಭಾರತೀಯ ಕರಾರು ಕಾಯಿದೆಯಲ್ಲಿ ಎತ್ತಿನ ಬದಲು ಕುದುರೆ ಬರುತ್ತದೆ. ಕಾಶಿಗೆ ಹೋಗಲೆಂದೇ ಕಲ್ಕತ್ತೆಯಲ್ಲಿ ಕುದುರೆಯನ್ನು ಬಾಡಿಗೆಗೆ ಪಡೆದವನೊಬ್ಬ ಕಟಕ್‌ಗೆ ಹೋದ. ಜೋಪಾನವಾಗಿಯೇ ಸವಾರಿ ಮಾಡಿದ. ಆದರೂ ಕುದುರೆ ಆಕಸ್ಮಿಕವಾಗಿ ಬಿದ್ದು ಗಾಯಗೊಂಡಿತು. ಪರಿಹಾರ ಅವನೇ ಕೊಡಬೇಕು ಎನ್ನುತ್ತದೆ 154ನೇ ಕಲಮಿನ ದೃಷ್ಟಾಂತ, ಏಕೆಂದರೆ ಹೇಳಿದ ದಾರಿ ಬಿಟ್ಟದ್ದು ಅವನೇ. ದಾರಿ ತಪ್ಪದವನಿಗೆ ಕಾನೂನು ಇಷ್ಟು ಕಟುವಲ್ಲ. ಸಾಮಾನ್ಯ ವಿವೇಕವುಳ್ಳವನು ತನ್ನದೇ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರ ವಹಿಸಿದ್ದರೆ ಸಾಕು (ಕಲಮು 151). ಆಮೇಲಾದ ಹಾನಿಗೆ ಹೊಣೆಯಿಲ್ಲ.

ಆದರೆ 152ನೇ ಕಲಮಿನಲ್ಲಿ ಒಂದು ಕೊಕ್ಕೆ ಇದೆ. ಈ ರಿಯಾಯಿತಿ 'ವಿಶೇಷ ಕರಾರು' ಇಲ್ಲದಿದ್ದಾಗ ಮಾತ್ರ. ಮದುವೆಗೆ ಶಾಮಿಯಾನ, ಕೊಳಗ, ಕುರ್ಚಿ ತರುವವರು ರಸೀದಿಯ ಹಿಂಬದಿಯ ಸಣ್ಣಕ್ಷರಗಳನ್ನು ಓದುವುದು ಕಡಿಮೆ. ಎಲ್ಲ ಹಾನಿಗೂ ಗಿರಾಕಿಯೇ ಹೊಣೆ ಎಂದು ಅಲ್ಲಿದ್ದರೆ ವಾದಿಸುವುದು ಕಷ್ಟ.

ಕೊಟ್ಟವನಿಗೂ ಹೊಣೆ ಇದೆ. ಬಾಡಿಗೆಗೆ ಪಡೆದ ಗಾಡಿ ಕೆಟ್ಟ ಸ್ಥಿತಿಯಲ್ಲಿದ್ದು ಗಿರಾಕಿಗೆ ಪೆಟ್ಟಾದರೆ ಮಾಲೀಕನೇ ಪರಿಹಾರ ಕೊಡಬೇಕು. ದೋಷ ತನಗೆ ಗೊತ್ತಿರಲಿಲ್ಲ ಎಂಬ ಅವನ ಮಾತನ್ನು 150ನೇ ಕಲಮು ಒಪ್ಪುವುದಿಲ್ಲ.