ಕಾಫಿ ಘಟ್ಟದಲ್ಲಿ ಗಾಡಿ ಎತ್ತುವ ವಿದ್ಯೆ

ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ. ಅದಕ್ಕೂ ಹಿಂದೆ ಈ ಊರಿನಿಂದ ಕಾಫಿಯನ್ನು ಹೊತ್ತದ್ದು ರಸ್ತೆಯೇ; ಹತ್ತೊಂಬತ್ತನೆಯ ಶತಮಾನದಲ್ಲಿ ಆ ಬೆಳೆ ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು, ಸಿಪ್ಪೆ ಕಳಚಿ ಬೀಜ ವಿಂಗಡಿಸುವ ಮಂಗಳೂರಿನ ಕ್ಯೂರಿಂಗ್ ಕಾರ್ಖಾನೆಗಳನ್ನು ಸೇರುತ್ತಿತ್ತು. ಎರಡು ಚಕ್ರದ ಗಾಡಿಯ ಭಾರವೆಲ್ಲ ಒಂದೇ ಅಚ್ಚಿನ ಮೇಲೆ ತೂಗುವುದರಿಂದ, ಎತ್ತುಗಳನ್ನು ಬಿಚ್ಚುವ ಮೊದಲು ಮೂಕಿಗೆ, ಅಂದರೆ ನೊಗದವರೆಗೆ ಚಾಚಿದ ಉದ್ದನೆಯ ಮರಕ್ಕೆ, ಆಸರೆಯ ಕೋಲು ಕೊಡಬೇಕಿತ್ತು. ಅಚ್ಚು ಸವೆಯದಂತೆ ಕೀಲೆಣ್ಣೆ ಹಾಕಲು ಚಕ್ರ ಕಳಚುವಾಗ, ಇನ್ನೊಂದು ಚಕ್ರಕ್ಕೆ ಕಲ್ಲು ಒಡ್ಡಿ, ಅಚ್ಚನ್ನು ಸನ್ನೆಗೋಲಿನಿಂದ ಮೀಟಿ, ಅಡಿಗೆ ದಿಮ್ಮಿ ಇಟ್ಟ ನಂತರವೇ ಕೈ ಹಾಕುವುದು ಕ್ಷೇಮದ ಕ್ರಮವಾಗಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಲಾರಿ, ಜೀಪುಗಳೊಂದಿಗೆ ತೋಟಗಳಿಗೆ ಜಾಕಿ ಬಂದಿತು. ತಿರುಪಿನ ಜಾಕಿಯಲ್ಲಿ ಮರೆಗಳ, ಅಂದರೆ ತಿರುಪಿನ ಸುರುಳಿ ಗೆರೆಗಳ, ನಡುವಿನ ಘರ್ಷಣೆಯೇ ಭಾರವನ್ನು ಹಿಡಿದಿಡುವುದರಿಂದ, ತಿರುಗಿಸುವುದನ್ನು ನಿಲ್ಲಿಸಿದರೂ ವಾಹನ ತಾನಾಗಿ ಇಳಿಯುವುದಿಲ್ಲ. ಆದರೆ ಚಿಕ್ಕಮಗಳೂರು ಸೀಮೆಯ ಮೂಡಿಗೆರೆ, ಕಳಸಗಳ ಮಳೆಗೆ ನೆನೆದ ಇಳಿಜಾರು ಮಣ್ಣಿನಲ್ಲಿ ಅದರ ಪಾದ ಹೂತು ವಾಲಬಹುದಾದ್ದರಿಂದ, ಕೆಳಗೆ ಅಗಲವಾದ ಹಲಗೆ, ಚಕ್ರಗಳಿಗೆ ಅಡ್ಡಗಲ್ಲು, ವಾಹನದಡಿಗೆ ಪ್ರತ್ಯೇಕ ಆಸರೆ ಇವೆಲ್ಲ ಇಂದಿಗೂ ಅನಿವಾರ್ಯ. ಇಳಿಸುವಾಗ ಆಸರೆ ತೆಗೆದು, ತಿರುಪನ್ನು ನಿಧಾನವಾಗಿ ಸಡಿಲಿಸಿ, ಚಕ್ರಗಳು ನೆಲದಲ್ಲಿ ಭದ್ರವಾಗಿ ಊರಿದ ಮೇಲೆ ಕೊನೆಯಲ್ಲಿ ಅಡ್ಡಗಲ್ಲು ಸರಿಸಬೇಕು. ಕಾಫಿಯ ಚರಿತ್ರೆಯಲ್ಲಿ ತೋಟದ ಒಡೆಯರಿಗೆ ಸಿಕ್ಕಿರುವ ಸ್ಥಾನ ಆಸರೆ ಕೊಟ್ಟ ನಂತರವೇ ಕೈ ಹಾಕುವ ಈ ವಿವೇಕವನ್ನು ಬೆಳೆಸಿದ ಗಾಡಿಕಾರರಿಗೂ ಸಲ್ಲಬೇಕು.