ಬೀಸುಕಲ್ಲು: ಹೆಸರಿಲ್ಲದ ಕವಿಗಳ ಪೀಠ

ಇದು ಜೋಳ ಬೀಸುವ ಜೋಡಿ ಕಲ್ಲು. ಕೆತ್ತಿದವರು ಕಲ್ಲುಕುಟಿಗರು, ಗೂಟ ಕಟ್ಟಿಗೆಯದು. ಗಿರಣಿ ಬರುವ ಮುಂಚೆ ನಿಡಗುಂದಿ ಸೀಮೆಯಲ್ಲಿ ನಸುಕಿಗೇ ಇದರ ಸದ್ದು ಏಳುತ್ತಿತ್ತು. ಅಡುಗೆಮನೆಯ ಸಾಮಾನೆಂದಷ್ಟೇ ಕಂಡರೆ ಅರ್ಧ ಕಂಡಂತೆ. ಬೀಸುತ್ತ ಹೆಂಗಸರು ಹಾಡಿದ ತ್ರಿಪದಿಗಳನ್ನು ಇಂಡಿ ಕಡೆಯ ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದರು.

ಬರೆದಿಡದ, ಎಲ್ಲರ ಬಾಯಲ್ಲೂ ಇದ್ದ ಹಾಡು ಕಾವ್ಯವೇ ಎಂದು ಕೇಳುವವರುಂಟು. ಅವರಿಗೆ ಒಂದು ಹೋಲಿಕೆ: ಅಮೆರಿಕದ ಕವಿ ಎಮಿಲಿ ಡಿಕಿನ್ಸನ್ ಸುಮಾರು 1,800 ಕವಿತೆ ಬರೆದರೂ ಬದುಕಿದ್ದಾಗ ಅಚ್ಚಾದವು ಹತ್ತರ ಆಸುಪಾಸು. 1886ರಲ್ಲಿ ತೀರಿಕೊಂಡ ಮೇಲೆ ತಂಗಿಗೆ ಕೈಬರಹದ ಕಟ್ಟುಗಳು ಸಿಕ್ಕವು. ಮೊದಲ ಪುಸ್ತಕ ಬಂದದ್ದು 1890ರಲ್ಲಿ. ಆಕೆಯ ಮಟ್ಟೂ ಹೆಚ್ಚಾಗಿ ಚರ್ಚಿನ ಹಾಡುಗಳದ್ದೇ. ಹಾಗಾದರೆ ಅಚ್ಚಾಗಲಿ, ಹೊಸ ಮಟ್ಟಾಗಲಿ ಕವಿಯನ್ನು ಅಳೆಯುವ ಸೇರಲ್ಲ. ಅಲ್ಲಿ ಹೆಸರು ಉಳಿಯಿತು, ಇಲ್ಲಿ ಉಳಿಯಲಿಲ್ಲ (ಇದೇನು ಸಣ್ಣ ವ್ಯತ್ಯಾಸವಲ್ಲ). ಹಾಡು ಗುಂಪಿನದು ಎನ್ನಬಹುದು. ಆದರೆ ತವರಿನ ಹಂಬಲವನ್ನು ಮೂರೇ ಸಾಲಿಗೆ ಇಳಿಸಲು ಯಾರೋ ಒಬ್ಬಳು ಮೊದಲು ಬಾಯಿ ತೆರೆದಿರಲೇಬೇಕು.

ಗೂಟದ ತುದಿ ನೋಡಿ: ಎದುರುಬದುರು ಕುಳಿತವರ ಅಂಗೈ ಸವೆಸಿದ ನುಣುಪು.